ತಡವಾದ ತಾಯಿಗೆ ಸೆರೆಮನೆಯೇ?

ಸರಕಾರಿ ಕಚೇರಿಯ ಕಡತಗಳ ನಡುವೆ ಬಾಳು ಸವೆಸುವ ನಮ್ಮಂಥ ಗುಮಾಸ್ತರಿಗೆ ‘ಕೊನೆಯ ತಾರೀಖು’ ಎಂಬುದಕ್ಕಿಂತ ಪರಿಚಿತವಾದ ಮಾತು ಇನ್ನೊಂದಿಲ್ಲ. ರಜೆಯಲ್ಲಿ ಊರಿಗೆ ಹೋಗಿಬಂದ ಎಲ್.ಟಿ.ಸಿ. ಬಿಲ್ಲನ್ನು, ಮುಂಗಡ ಪಡೆದವರು ಒಂದು ತಿಂಗಳೊಳಗೆ, ಪಡೆಯದವರು ಮೂರು ತಿಂಗಳೊಳಗೆ ಕೊಡಬೇಕು. ತಾರೀಖು ದಾಟಿದರೆ ಬಿಲ್ಲು ಬಿದ್ದುಹೋಯಿತು. ತಡವೇಕಾಯಿತೆಂದು ಅರ್ಜಿ ಬರೆದರೆ ಮೇಲಿನವರು ಕಾರಣ ನೋಡಿ ಕೆಲವೊಮ್ಮೆ ಮನ್ನಿಸುತ್ತಾರೆ, ಕೆಲವೊಮ್ಮೆ ಇಲ್ಲ. ಹಣ ಹೋಗುತ್ತದೆ, ಮುಖ ಸಪ್ಪಗಾಗುತ್ತದೆ. ಆದರೆ ತಡ ಮಾಡಿದನೆಂಬ ಕಾರಣಕ್ಕೆ ಯಾರನ್ನಾದರೂ ಪೋಲೀಸರು ಕರೆದೊಯ್ದದ್ದನ್ನು ಇಷ್ಟು ವರ್ಷಗಳ ಚಾಕರಿಯಲ್ಲಿ ನಾವು ಕಂಡಿಲ್ಲ.

ಬಸಿರಿನ ವಿಷಯದಲ್ಲಿ ಮಾತ್ರ ಕಾನೂನಿನ ಕೊನೆಯ ತಾರೀಖಿನ ಆಚೆಗೆ ಸೆರೆಮನೆ ನಿಂತಿರುತ್ತದೆ. ಬಿಲ್ಲಿಗೂ ಬಸಿರಿಗೂ ಹೋಲಿಕೆ ಒರಟಾಯಿತೆಂದು ಓದುಗ ಬಂಧುಗಳು ಮುನಿಯಬಾರದು. ಬಿಲ್ಲಿನಲ್ಲಿ ಜೀವವಿಲ್ಲ, ಬಸಿರಿನಲ್ಲಿ ಇದೆ. ಆ ವ್ಯತ್ಯಾಸವನ್ನು ಎದುರಿಗಿಟ್ಟುಕೊಂಡೇ ನಾವು ಈ ಪ್ರಶ್ನೆಯನ್ನು ಕೇಳುತ್ತಿದ್ದೇವೆ: ಅವಧಿ ಮೀರಿದ ಮೇಲೆ ಗರ್ಭವನ್ನು ಕಳೆದುಕೊಂಡ ತಾಯಿಯನ್ನು, ಮನೆಯಲ್ಲಿ ಬೇರೆ ಮಕ್ಕಳು ಕಾದಿರುವಾಗ, ಜೈಲಿಗೆ ಕಳಿಸುವುದು ನ್ಯಾಯವೇ?

ಪ್ರಶ್ನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 2023ರ ಜೂನ್ 12ರಂದು ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ನಗರದ ಕ್ರೌನ್ ಕೋರ್ಟು ಮೂರು ಮಕ್ಕಳ ತಾಯಿಯೊಬ್ಬಳಿಗೆ 28 ತಿಂಗಳ ಸಜೆ ವಿಧಿಸಿತು. ಅದರಲ್ಲಿ ಅರ್ಧ ಜೈಲಿನಲ್ಲಿ, ಉಳಿದರ್ಧ ಹೊರಗೆ ಸರಕಾರದ ನಿಗಾದಲ್ಲಿ. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಗಳು ಹೆಸರು, ಭಾವಚಿತ್ರ ಅಚ್ಚು ಹಾಕಿದ್ದೇ ಇನ್ನೊಂದು ಶಿಕ್ಷೆಯಾಗಿತ್ತು. ಅದಕ್ಕೆ ಮುಂಬಯಿಯಿಂದ ನಮ್ಮ ಪಾಲು ಸೇರುವುದು ಬೇಡ.

ನಡೆದದ್ದು 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ದಿನಗಳಲ್ಲಿ. ಆಸ್ಪತ್ರೆಗೆ ಹೋಗುವುದೇ ಕಷ್ಟವಾಗಿದ್ದ ಆ ಕಾಲದಲ್ಲಿ ಅಲ್ಲಿನ ಸರಕಾರ, ಹತ್ತು ವಾರದೊಳಗಿನ ಗರ್ಭವಾದರೆ ಫೋನಿನಲ್ಲಿಯೇ ವಿಚಾರಿಸಿ ಗುಳಿಗೆಗಳನ್ನು ಅಂಚೆಯಲ್ಲಿ ಕಳಿಸಬಹುದೆಂದು ಅನುಮತಿ ಕೊಟ್ಟಿತ್ತು. ಆಕೆ ದಿನಗಳನ್ನು ಕಡಿಮೆ ಹೇಳಿ ಗುಳಿಗೆ ತರಿಸಿಕೊಂಡಳು. ನಿಜದಲ್ಲಿ ಗರ್ಭಕ್ಕೆ 32ರಿಂದ 34 ವಾರವಾಗಿತ್ತು. ಮಗು ಜೀವವಿಲ್ಲದೆ ಹುಟ್ಟಿತು. ಇಂಗ್ಲೆಂಡಿನ 1967ರ ಗರ್ಭಪಾತ ಕಾಯಿದೆಯ ಮೇರೆಗೆ ಸಾಮಾನ್ಯ ಮಿತಿ 24 ವಾರ. ಅದರ ಆಚೆಗೆ ತಾಯಿಯ ಜೀವಕ್ಕೆ ಅಪಾಯ, ಮಗುವಿಗೆ ತೀವ್ರ ವಿಕಲತೆ ಮುಂತಾದ ಕೆಲವೇ ಕಾರಣಗಳಿಗೆ ಅವಕಾಶ. ಈಕೆಯದು ಅವುಗಳಲ್ಲಿ ಯಾವುದೂ ಅಲ್ಲ.

ಸುಮಾರು ಮೂರು ವರ್ಷದ ಮೇಲೆ ಆಕೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಳು. ನ್ಯಾಯಾಧೀಶ ಎಡ್ವರ್ಡ್ ಪೆಪ್ಪರಾಲ್ ಕಟುಕರೇನಲ್ಲ. ಆಕೆ ಪಶ್ಚಾತ್ತಾಪದಲ್ಲಿ ಬೇಯುತ್ತಿದ್ದಾಳೆ, ಒಳ್ಳೆಯ ತಾಯಿ, ಒಂದು ಮಗುವಿಗೆ ವಿಶೇಷ ಆರೈಕೆ ಬೇಕು ಎಂಬುದನ್ನೆಲ್ಲ ಅವರು ಒಪ್ಪಿದರು. ಜೈಲು ಶಿಕ್ಷೆ ಬೇಡವೆಂದು ವೈದ್ಯರ ಮತ್ತು ಸೂಲಗಿತ್ತಿಯರ ದೊಡ್ಡ ಸಂಸ್ಥೆಗಳು ಬರೆದ ಪತ್ರವನ್ನು ಮಾತ್ರ ಅವರು ಸರಿಯಲ್ಲವೆಂದರು. ಕಾನೂನು ಬದಲಾಗಬೇಕಾದರೆ ಅದು ಪಾರ್ಲಿಮೆಂಟಿನ ಕೆಲಸ, ಕೋರ್ಟಿನದಲ್ಲ ಎಂಬುದು ಅವರ ನಿಲುವು. ಮೊದಲ ಅವಕಾಶದಲ್ಲಿಯೇ ತಪ್ಪೊಪ್ಪಿಕೊಂಡಿದ್ದರೆ ಶಿಕ್ಷೆಯನ್ನು ಅಮಾನತಿನಲ್ಲಿ ಇರಿಸಬಹುದಾಗಿತ್ತು ಎಂದೂ ಹೇಳಿದರು. ಇಲ್ಲಿಯೂ ಒಂದು ಕೊನೆಯ ತಾರೀಖು ಇತ್ತು, ಅದನ್ನೂ ಆಕೆ ತಪ್ಪಿಸಿಕೊಂಡಿದ್ದಳು!

ಮೇಲ್ಮನವಿಯ ನ್ಯಾಯಾಲಯ ಅದೇ ಜುಲೈ 18ರಂದು ಸಜೆಯನ್ನು 14 ತಿಂಗಳಿಗೆ ಇಳಿಸಿ, ಅದನ್ನೂ ಅಮಾನತಿನಲ್ಲಿರಿಸಿ ಆಕೆಯನ್ನು ಮನೆಗೆ ಕಳಿಸಿತು. ಈ ಪ್ರಕರಣ ಕೇಳುವುದು ಕರುಣೆಯನ್ನೇ ಹೊರತು ದಂಡನೆಯನ್ನಲ್ಲ ಎಂಬ ಅರ್ಥದ ಮಾತನ್ನು ಪೀಠದ ಮುಖ್ಯಸ್ಥೆ ವಿಕ್ಟೋರಿಯಾ ಶಾರ್ಪ್ ಆಡಿದರು. ಅಷ್ಟರಲ್ಲಿ ಆಕೆ 35 ದಿನ ಜೈಲಿನಲ್ಲಿ ಕಳೆದಿದ್ದಳು. ಆ ದಿನಗಳಲ್ಲಿ ಮಕ್ಕಳೊಡನೆ ಯಾವ ಸಂಪರ್ಕವೂ ಇರಲಿಲ್ಲವೆಂದು ಆಕೆಯ ವಕೀಲರು ಕೋರ್ಟಿಗೆ ತಿಳಿಸಿದರು.

ಇದಕ್ಕೂ ಹಿಂದೆ, 2012ರಲ್ಲಿ, ಲೀಡ್ಸ್ ನಗರದ ಕ್ರೌನ್ ಕೋರ್ಟು ಇನ್ನೊಬ್ಬ ತಾಯಿಗೆ ದಿನ ತುಂಬಿದ ಗರ್ಭವನ್ನು ಕಳೆದುಕೊಂಡದ್ದಕ್ಕೆ 8 ವರ್ಷ ಸಜೆ ಕೊಟ್ಟಿತ್ತು. 2013ರಲ್ಲಿ ಮೇಲ್ಮನವಿಯಲ್ಲಿ ಅದು ಮೂರೂವರೆ ವರ್ಷಕ್ಕಿಳಿಯಿತು. ಎರಡು ಪ್ರಕರಣಗಳ ವಿವರ ಒಂದೇ ಅಲ್ಲ, ಒಪ್ಪೋಣ. ಆದರೂ ಒಂದೇ ಕಾಯಿದೆಯ ಒಂದೇ ಕಲಮಿನ ಕೆಳಗೆ 8 ವರ್ಷ, ಮೂರೂವರೆ ವರ್ಷ, 28 ತಿಂಗಳು, ಕೊನೆಗೆ ಮನೆಗೆ ಹೋಗು ಎನ್ನುವ ಆಜ್ಞೆ! ನಮ್ಮ ಕಚೇರಿಯಲ್ಲಿ ಒಂದೇ ಬಗೆಯ ನಾಲ್ಕು ಕಡತಗಳಿಗೆ ನಾಲ್ಕು ಬಗೆಯ ಟಿಪ್ಪಣಿ ಬರೆದರೆ ಸೆಕ್ಷನ್ ಆಫೀಸರು ಕೇಳುವ ಮೊದಲ ಪ್ರಶ್ನೆ, ‘ಯಾವ ನಿಯಮದ ಆಧಾರದ ಮೇಲೆ?’ ಎಂಬುದು. ಈ ಅಪರಾಧಕ್ಕೆ ಎಷ್ಟು ಶಿಕ್ಷೆ ಕೊಡಬೇಕೆಂಬ ಮಾರ್ಗದರ್ಶಿ ಸೂತ್ರವೇ ಅಲ್ಲಿನ ನ್ಯಾಯಾಧೀಶರ ಮುಂದಿರಲಿಲ್ಲ. ಇದ್ದದ್ದು 1861ರ ಒಂದು ಕಾಯಿದೆ. ಅದರ 58ನೆಯ ಕಲಮಿನ ಪ್ರಕಾರ ಗರಿಷ್ಠ ಶಿಕ್ಷೆ ಜೀವಾವಧಿ.

ಇಷ್ಟು ಓದಿದವರು ನಮ್ಮನ್ನು ಮಗುವಿನ ಪಕ್ಷವನ್ನೇ ಮರೆತವರು ಎಂದುಕೊಳ್ಳಬಹುದು. ಅದು ಹಾಗಲ್ಲ, ಹಾಗಾಗಲು ಸಾಧ್ಯವೂ ಇಲ್ಲ. ನಮ್ಮ ಹಿರಿಯ ಮಗಳು 2009ರಲ್ಲಿ ಹುಟ್ಟಿದ್ದು 33 ವಾರಕ್ಕೆ. ತೂಕ ಒಂದು ಕಿಲೋ ಎಂಟುನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಹತ್ತೊಂಬತ್ತು ದಿನ ಇದ್ದಳು. ನರ್ಸಮ್ಮನವರು ಒಮ್ಮೆ ಕೈತೊಳೆಸಿ, ಪೆಟ್ಟಿಗೆಯ ಬದಿಯ ಕಿಂಡಿಯಿಂದ ಬೆರಳು ಚಾಚಲು ಬಿಟ್ಟಾಗ ಆ ಕೂಸು ಬೆರಳನ್ನು ಹಿಡಿದುಕೊಂಡಿತು. ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದುವಾಗ 24 ಗಂಟೆಯ, 48 ಗಂಟೆಯ, 72 ಗಂಟೆಯ ಕೋಳಿಭ್ರೂಣದ ಸ್ಲೈಡುಗಳನ್ನು ನೋಡಿ ಜರ್ನಲ್ಲಿನಲ್ಲಿ ಚಿತ್ರ ಬರೆದವರು ನಾವು. ಬೆಳವಣಿಗೆ ಎಲ್ಲಿಯೂ ಕಡಿಯದ ಎಳೆ, ಇಲ್ಲಿಯವರೆಗೆ ಇದು, ಇಲ್ಲಿಂದ ಅದು ಎಂದು ಗೆರೆ ಕೊಯ್ಯಲು ಬಾರದು ಎಂದು ಆಗಲೇ ಕಲಿತಿದ್ದೆವು. ಆದರೆ 33 ವಾರದ ಕೂಸು ಏನೆಂಬುದನ್ನು ಕಲಿಸಿದ್ದು ಆ ಬೆರಳು. ಆ ಹುಡುಗಿ ಈಗ ಕಾಲೇಜಿನ ಮೆಟ್ಟಿಲು ಹತ್ತಿದ್ದಾಳೆ. ಆದ್ದರಿಂದ ಆ ಇಂಗ್ಲಿಷ್ ತಾಯಿ ಕಳೆದುಕೊಂಡದ್ದು ಏನೂ ಅಲ್ಲವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವವರಲ್ಲ.

ಅದೇ ಹತ್ತೊಂಬತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದ ನಮ್ಮ ಮನೆಯಾಕೆ ಈ ಸುದ್ದಿ ಓದಿ ಹೇಳಿದ್ದು ಬೇರೆಯೇ ಮಾತು. “ಆ ಕೂಸಿಗೆ ಆಗಬಾರದ್ದು ಆತು, ಖರೆ. ಆದ್ರ ಮನ್ಯಾಗಿನ ಮೂರು ಕೂಸು ಏನು ಮಾಡಿದ್ವು? ಅವ್ವನ್ನ ಜೇಲಿಗೆ ಒಯ್ದ್ರ ಮುಂಜಾನೆ ಅವಕ್ಕ ಡಬ್ಬಿ ಯಾರು ಕಟ್ಟಿಕೊಡ್ತಾರ್ರೀ?” ಧಾರವಾಡದ ಮಾತಿನಲ್ಲಿ ಆಕೆ ಕೇಳಿದ ಈ ಪ್ರಶ್ನೆಗೆ ಕಾಯಿದೆಯ ಪುಸ್ತಕದಲ್ಲಿ ಉತ್ತರ ಹುಡುಕಿದೆವು. ಅಲ್ಲಿ ಅದು ಇಲ್ಲ.

ನಮ್ಮ ದೇಶದ ಜೈಲುಗಳಲ್ಲಿ ತಾಯಿಯೊಡನೆ ಆರು ವರ್ಷದವರೆಗಿನ ಮಗುವನ್ನು ಇರಿಸಿಕೊಳ್ಳಬಹುದೆಂದು ಸುಪ್ರೀಮ್ ಕೋರ್ಟು 2006ರಲ್ಲಿ ಹೇಳಿ, ಅಂಥ ಮಕ್ಕಳ ಊಟ, ಔಷಧ, ಪಾಠಗಳಿಗೆ ನಿಯಮ ಹಾಕಿಕೊಟ್ಟಿತು. ಅದು ಕರುಣೆಯ ತೀರ್ಪೇ. ಆದರೆ ಅದರ ಇನ್ನೊಂದು ಅರ್ಥವನ್ನೂ ನೋಡಿ: ತಾಯಿ ಸೆರೆ ಸೇರಿದರೆ ಐದು ವರ್ಷದ ಮಗು ಒಳಗೆ, ಏಳು ವರ್ಷದ ಮಗು ಬೀದಿಗೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಕಳ್ಳತನ, ಕೊಲೆಗಳಲ್ಲಿ ಶಿಕ್ಷೆಗೊಳಗಾದ ತಾಯಂದಿರಿಗೂ ಮಕ್ಕಳಿರುತ್ತಾರಲ್ಲ ಎಂದು ಕೇಳಬಹುದು. ಸರಿ. ಅಲ್ಲಿ ಆಕೆ ಹೊರಗಿದ್ದರೆ ನೆರೆಹೊರೆಗೆ ಅಪಾಯವೆಂಬ ಒಂದು ಕಾರಣವಾದರೂ ಇರುತ್ತದೆ. ಇಲ್ಲಿ ಯಾರಿಗೆ ಅಪಾಯ? ಆಕೆಯ ಮನೆಯಲ್ಲಿರುವ ಮಕ್ಕಳಿಗೆ ಆಕೆಯೇ ಆಧಾರವೆಂದು ಶಿಕ್ಷೆ ಕೊಟ್ಟ ನ್ಯಾಯಾಧೀಶರೇ ಒಪ್ಪಿದ್ದರಲ್ಲ!

ಇನ್ನು, ತಡವೇಕಾಗುತ್ತದೆ ಎಂಬ ಮಾತು. ಹಾರ್ಬರ್ ಲೈನಿನ ಲೋಕಲ್‌ನಲ್ಲಿ ನಮ್ಮೊಡನೆ ದಿನವೂ ಬರುವ ಕನ್ನಡ ಮಿತ್ರರೊಬ್ಬರು, “ಎರಡನೆಯ ತಿಂಗಳಲ್ಲಿಯೇ ಗೊತ್ತಾಗುತ್ತದಲ್ಲ, ಏಳು ತಿಂಗಳು ಏನು ಮಾಡುತ್ತಿದ್ದಳು? ಮಾಡಿದ್ದುಣ್ಣೋ ಮಹರಾಯ” ಎಂದರು. ಗಂಡಸರಿಗೆ ಇದು ಸುಲಭದ ಲೆಕ್ಕ. ವಾರದ ಎಣಿಕೆ ನಡೆಯುವುದು ಕಡೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ಸರಿಯಾಗಿ ಆಗದ ಹೆಂಗಸಿಗೆ ಈ ಲೆಕ್ಕದ ಆರಂಭವೇ ಇಲ್ಲ. ಮೊಲೆಯೂಡುವ ಬಾಣಂತಿಗೆ ಹಲವು ತಿಂಗಳು ಮುಟ್ಟು ನಿಂತಿರುತ್ತದೆ, ಒಳಗೆ ಇನ್ನೊಂದು ಜೀವ ನಿಂತರೂ ತಿಳಿಯದು. ನಲವತ್ತು ದಾಟಿದವಳು ಮುಟ್ಟು ನಿಲ್ಲುವ ಕಾಲ ಬಂತೆಂದುಕೊಳ್ಳುತ್ತಾಳೆ. ಮೋಸಹೋದ ಹುಡುಗಿ ದುಪಟ್ಟಾ ಹೊದ್ದು ದಿನ ದೂಡುತ್ತಾಳೆ. ಇನ್ನು ಮಗುವಿನ ಅಂಗಾಂಗ ದೋಷಗಳನ್ನು ನೋಡುವ ಸ್ಕ್ಯಾನಿಂಗನ್ನು ಮಾಡುವುದೇ 18ರಿಂದ 20 ವಾರಗಳ ಸುಮಾರಿಗೆ.

ನಮ್ಮ ಆಂಟಾಪ್ ಹಿಲ್ ಕ್ವಾರ್ಟರ್ಸಿನಲ್ಲಿ ಹತ್ತು ವರ್ಷಗಳ ಹಿಂದೆ ನಾಲ್ಕಾರು ಮನೆಗಳ ಮುಸುರೆ ತಿಕ್ಕುತ್ತಿದ್ದವಳು ಕಲಬುರ್ಗಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆಂದು ಇಂದು ಪನವೇಲ್, ನಾಳೆ ವಸಯಿ. ಕಂಕುಳಲ್ಲಿ ಹಾಲು ಕುಡಿಯುವ ಕೂಸು, ಅದರ ಮೇಲೆ ಎರಡು. ಒಂದು ದಿನ ನಮ್ಮ ಮನೆಯಾಕೆಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, “ಅಕ್ಕಾರೇ, ಮೆಡಿಕಲ್‌ನಾಗ ಗುಳಿಗಿ ಸಿಗ್ತಾವಂತ, ತಗೊಳ್ಲೇನ್ರಿ?” ಎಂದು ಕೇಳಿದಳು. ಹೊಟ್ಟೆ ಮುಟ್ಟಿ ನೋಡಿದ ನಮ್ಮಾಕೆ ಗಾಬರಿಯಾಗಿ, ಈ ದಿನಗಳಲ್ಲಿ ಗುಳಿಗೆ ನುಂಗಿದರೆ ನೆತ್ತರು ಹೋಗಿ ಜೀವಕ್ಕೆ ಎರವಾದೀತೆಂದು ತಿಳಿಹೇಳಿ, ಮರುದಿನ ರಜೆ ಹಾಕಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ಕ್ಯಾನಿಂಗಿನಲ್ಲಿ 23 ವಾರ ಬಂತು. ಆಗ ನಮ್ಮ ಕಾನೂನಿನ ಮಿತಿ 20 ವಾರ. ಡಾಕ್ಟರರು ಗದರಿಸಲಿಲ್ಲ, ಪೋಲೀಸರ ಹೆಸರೆತ್ತಲಿಲ್ಲ. “ತಡವಾಯಿತಮ್ಮಾ, ಇನ್ನು ತೆಗೆಯಲು ಬಾರದು” ಎಂದು ಹೇಳಿ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ನಾಲ್ಕನೆಯದು ಹುಟ್ಟಿತು, ಈಗ ಮುನಿಸಿಪಾಲಿಟಿ ಶಾಲೆಗೆ ಹೋಗುತ್ತದೆ. ಅವ್ವನ ಬೆನ್ನು ಮಾತ್ರ ಬಗ್ಗಿದೆ.

ಆಕೆ ಅಂದು ನಮ್ಮ ಬಾಗಿಲಿಗೆ ಬರುವ ಬದಲು ಮೆಡಿಕಲ್ ಅಂಗಡಿಗೆ ಹೋಗಿದ್ದರೆ? ಬದುಕಿ ಉಳಿದಿದ್ದರೆ ಕಾನೂನಿನ ಕಣ್ಣಿಗೆ ಆಕೆ ಅಪರಾಧಿ. ಇದು ಇಂಗ್ಲೆಂಡಿನ ಮಾತಲ್ಲ, ನಮ್ಮದೇ ಕಾನೂನಿನ ಮಾತು. ಮೆಕಾಲೆ ಸಾಹೇಬರ ಆಯೋಗ 1837ರಲ್ಲಿ ಕರಡು ಬರೆದು, 1860ರಲ್ಲಿ ಅಂಗೀಕಾರವಾದ ಭಾರತೀಯ ದಂಡಸಂಹಿತೆಯ 312ನೆಯ ಕಲಮು ಗರ್ಭಪಾತ ಮಾಡಿಸುವವರಿಗೆ ಮೂರು ವರ್ಷದವರೆಗೆ, ಕೂಸು ಮಿಸುಕಾಡತೊಡಗಿದ ಮೇಲಾದರೆ ಏಳು ವರ್ಷದವರೆಗೆ ಸಜೆ ಹೇಳುತ್ತಿತ್ತು. ಕೊನೆಯಲ್ಲಿ ಒಂದು ಸಣ್ಣ ವಿವರಣೆ: ತನ್ನ ಗರ್ಭವನ್ನು ತಾನೇ ಕಳೆದುಕೊಳ್ಳುವ ಹೆಂಗಸೂ ಇದರಲ್ಲಿ ಸೇರಿದ್ದಾಳೆ. 2024ರ ಜುಲೈ 1ರಿಂದ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 312 ಹೋಗಿ 88 ಬಂತು. ಆ ಸಣ್ಣ ವಿವರಣೆ ಮಾತ್ರ ಹಾಗೆಯೇ ಉಳಿಯಿತು. ಹೆಸರು ಬದಲಾಗಿ ಒಳಗಿನ ಮಾತು ಉಳಿಯುವುದು ಕಡತಗಳ ಲೋಕದಲ್ಲಿ ನಮಗೆ ಹೊಸದೇನಲ್ಲ.

ಈ ದಂಡನೆಯ ಕೋಟೆಗೆ ಬಾಗಿಲು ಇಟ್ಟದ್ದು 1971ರ ವೈದ್ಯಕೀಯ ಗರ್ಭಪಾತ ಕಾಯಿದೆ. ಶಾಂತಿಲಾಲ್ ಶಾಹ್ ಸಮಿತಿಯ ವರದಿಯ ಮೇಲೆ ಬಂದ ಆ ಕಾಯಿದೆ, ಡಾಕ್ಟರರ ಅಭಿಪ್ರಾಯದ ಮೇರೆಗೆ 20 ವಾರದವರೆಗೆ ಅವಕಾಶ ಕೊಟ್ಟಿತು. ಮುಂಬಯಿಯ ಓದುಗರಿಗೆ 2008ರ ಪ್ರಕರಣ ನೆನಪಿರಬಹುದು. ಗರ್ಭದಲ್ಲಿರುವ ಮಗುವಿಗೆ ಹೃದಯದ ದೋಷವಿದೆಯೆಂದು 20 ವಾರ ದಾಟಿದ ಮೇಲೆ ತಿಳಿದ ದಂಪತಿ ಇಲ್ಲಿನ ಹೈಕೋರ್ಟಿಗೆ ಹೋದರು, ಅನುಮತಿ ಸಿಗಲಿಲ್ಲ. ಅಂದು ಎದ್ದ ಚರ್ಚೆ ಕಾನೂನಾಗಲು ಹದಿಮೂರು ವರ್ಷ ಹಿಡಿಯಿತು. 2021ರ ತಿದ್ದುಪಡಿ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತ ವಯಸ್ಸಿನವರು, ಗರ್ಭಿಣಿಯಾಗಿರುವಾಗ ವಿಧವೆಯಾದವರು ಅಥವಾ ವಿಚ್ಛೇದಿತರಾದವರು ಮುಂತಾದವರಿಗೆ 24 ವಾರದವರೆಗೆ ಮಿತಿಯನ್ನು ಸಡಿಲಿಸಿತು. ಮಗುವಿಗೆ ತೀವ್ರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ ಅದಕ್ಕೂ ಆಚೆಗೆ ಅವಕಾಶ.

ಮಿತಿ ಮೀರಿದ ಮೇಲೆ ಏನು ಮಾಡಬೇಕೆಂದು ನಮ್ಮ ಅತ್ಯುನ್ನತ ನ್ಯಾಯಾಲಯವೇ 2023ರ ಅಕ್ಟೋಬರಿನಲ್ಲಿ ಒಂದು ವಾರ ತಲೆ ಕೆಡಿಸಿಕೊಂಡಿತು. ಅರ್ಜಿ ಹಾಕಿದವಳು ಎರಡು ಮಕ್ಕಳ ತಾಯಿ. ಎರಡನೆಯ ಹೆರಿಗೆಯಾಗಿ ಹೆಚ್ಚು ದಿನವಾಗಿರಲಿಲ್ಲ, ಮೊಲೆಯೂಡುತ್ತಿದ್ದಳು, ಬಾಣಂತಿತನದ ಮನೋವ್ಯಥೆಗೆ ಔಷಧಿ ನಡೆದಿತ್ತು. ಬಸಿರಾದದ್ದು ಬಹಳ ತಡವಾಗಿ ತಿಳಿಯಿತು. ನಮ್ಮ ಕ್ವಾರ್ಟರ್ಸಿನ ಕಲಬುರ್ಗಿಯವಳ ಕಥೆಯೇ. ಅಕ್ಟೋಬರ್ 9ರಂದು ನ್ಯಾಯಮೂರ್ತಿಗಳಾದ ಹಿಮಾ ಕೋಹ್ಲಿ ಮತ್ತು ನಮ್ಮ ಕರ್ನಾಟಕದ ಬಿ. ವಿ. ನಾಗರತ್ನ ಅನುಮತಿ ಕೊಟ್ಟರು. ಮಗು ಬದುಕುವ ಸಾಧ್ಯತೆಯಿದೆಯೆಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು ತಿಳಿಸಿದ ಮೇಲೆ ಅಕ್ಟೋಬರ್ 11ರಂದು ಅದೇ ಪೀಠ ಎರಡು ಮತವಾಯಿತು. ಕೋಹ್ಲಿಯವರು ಹಿಂಜರಿದರು, ಹೆಣ್ಣಿನ ನಿರ್ಧಾರವನ್ನು ಮನ್ನಿಸಬೇಕೆಂದು ನಾಗರತ್ನ ಅವರು ಮೊದಲಿನ ಆಜ್ಞೆಗೇ ನಿಂತರು. ಅಕ್ಟೋಬರ್ 16ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಮೂವರ ಪೀಠ, ಗರ್ಭಕ್ಕೆ 26 ವಾರ 5 ದಿನವಾಗಿದೆ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಮಗುವಿಗೂ ದೋಷವಿಲ್ಲ ಎಂದು ಅನುಮತಿ ನಿರಾಕರಿಸಿತು. ಹೆರಿಗೆಯ ಖರ್ಚನ್ನು ಸರಕಾರ ವಹಿಸಬೇಕು, ಮಗುವನ್ನು ದತ್ತು ಕೊಡುವುದು ತಂದೆತಾಯಿಗಳ ಇಷ್ಟ ಎಂದಿತು.

ಈ ತೀರ್ಪು ಸರಿಯೋ ತಪ್ಪೋ ಎಂದು ಚರ್ಚಿಸಬಹುದು. ನಮ್ಮ ಮನೆಯಲ್ಲಿಯೇ ಅದರ ಬಗ್ಗೆ ಎರಡು ಮತವಿದೆ. ಆದರೆ ಒಂದನ್ನು ಗಮನಿಸಿ. ಇಷ್ಟು ದೊಡ್ಡ ನ್ಯಾಯಮೂರ್ತಿಗಳು, ಎರಡೂ ಪಕ್ಷದ ವಕೀಲರು, ವೈದ್ಯರ ವರದಿ ಎಲ್ಲ ಮುಂದಿಟ್ಟುಕೊಂಡು ಒಂದು ವಾರದಲ್ಲಿ ಮನಸ್ಸು ಬದಲಿಸುವಷ್ಟು ಜಟಿಲವಾದ ಪ್ರಶ್ನೆಗೆ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಳುವ ಒಬ್ಬಂಟಿ ಹೆಂಗಸು ಸರಿಯಾದ ಉತ್ತರ ಕೊಡಲಿಲ್ಲವೆಂದು ಜೈಲಿಗೆ ಹಾಕುವುದು ಹೇಗೆ? ನ್ಯಾಯಾಲಯ ಇಲ್ಲಿ ಗೆರೆ ಎಳೆಯಿತು, ಬೇಡವೆಂದಿತು, ಆದರೆ ಆಕೆಯ ಕೈಹಿಡಿದು ಹೆರಿಗೆಯ ಹೊಣೆಯನ್ನು ಸರಕಾರದ ಮೇಲೆ ಹೊರಿಸಿತು. ಗೆರೆ ಎಳೆಯುವುದು ಬೇರೆ, ಗೆರೆ ದಾಟಿದವಳನ್ನು ಸೆರೆಗೆ ತಳ್ಳುವುದು ಬೇರೆ. ನಮ್ಮ ಈ ಲೇಖನದ ಸಾರಾಂಶ ಇಷ್ಟೇ.

ಹೆಂಗಸಿನ ಬೆನ್ನಹಿಂದೆ ಯಾರಿದ್ದಾರೆಂದು ನೋಡುವ ಬುದ್ಧಿ ನಮ್ಮ ಕಾನೂನಿಗೆ ಇಲ್ಲವೆಂದಲ್ಲ. ತಡವಾದ ಗರ್ಭಪಾತವೆಂದರೆ ನಮ್ಮಲ್ಲಿ ಹೆಣ್ಣುಮಗುವಿನ ಹತ್ಯೆಯ ನೆನಪಾಗುವುದು ಸಹಜ. ಅದನ್ನು ತಡೆಯಲು ಬಂದ 1994ರ ಲಿಂಗಪತ್ತೆ ನಿಷೇಧ ಕಾಯಿದೆ ಏನು ಹೇಳುತ್ತದೆ? ಡಾಕ್ಟರರಿಗೆ ಶಿಕ್ಷೆ, ಒತ್ತಾಯಿಸಿದ ಗಂಡ ಮತ್ತು ಬಂಧುಗಳಿಗೆ ಶಿಕ್ಷೆ. ಗರ್ಭಿಣಿಯನ್ನು ಮಾತ್ರ, ಬೇರೆ ರುಜುವಾತು ಇಲ್ಲದಿದ್ದರೆ, ಮನೆಯವರ ಒತ್ತಾಯಕ್ಕೆ ಸಿಕ್ಕವಳೆಂದೇ ಕೋರ್ಟು ಭಾವಿಸಬೇಕು. ಗಂಡು ಬೇಕೆಂಬ ಮನೆಯ ಒತ್ತಡವನ್ನು ಕಾಣಬಲ್ಲ ಕಾನೂನಿಗೆ ಬಡತನದ ಒತ್ತಡ, ಭಯದ ಒತ್ತಡ, ಬಿಟ್ಟುಹೋದ ಗಂಡಸಿನ ಒತ್ತಡ ಏಕೆ ಕಾಣಬಾರದು?

ಲೋಕಲ್ ರೈಲಿನ ನಮ್ಮ ಮಿತ್ರರು ಇಷ್ಟಕ್ಕೆ ಸುಮ್ಮನಾಗುವವರಲ್ಲ. “ಜೈಲಿನ ಭಯ ಹೋದರೆ ಎಲ್ಲರೂ ಎಂಟನೆಯ ತಿಂಗಳಲ್ಲಿ ಗುಳಿಗೆ ನುಂಗುತ್ತಾರೆ” ಎಂಬುದು ಅವರ ಕಡೆಯ ಬಾಣ. ಕೆನಡಾ ದೇಶದಲ್ಲಿ 1988ರಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟು ಗರ್ಭಪಾತದ ದಂಡ ಕಾನೂನನ್ನು ರದ್ದುಗೊಳಿಸಿತು, ಅನಂತರ ಅಂಥ ಕಾನೂನು ಬರಲೇ ಇಲ್ಲ. ಅಲ್ಲಿನ ಹೆಂಗಸರು ಎಂಟನೆಯ ತಿಂಗಳವರೆಗೆ ಕಾಯುತ್ತ ಕೂರಲಿಲ್ಲ, ತೀರ ತಡವಾದ ಗರ್ಭಪಾತ ಅಲ್ಲಿಯೂ ವಿರಳವೇ. ಏಳು ತಿಂಗಳು ಹೊತ್ತವಳು ಹಗುರ ಮನಸ್ಸಿನಿಂದ ಆ ದಾರಿ ಹಿಡಿಯುತ್ತಾಳೆಂದು ಹೊತ್ತವರು ಯಾರೂ ಹೇಳಲಾರರು. ಜೈಲಿನ ಭಯ ಮಾಡುವ ಕೆಲಸ ಇನ್ನೊಂದಿದೆ. ಗರ್ಭಸ್ರಾವವಾಗಿ ನೆತ್ತರು ಹರಿಯುತ್ತಿರುವವಳು, ಡಾಕ್ಟರರು ಪೋಲೀಸರಿಗೆ ಹೇಳಿಯಾರೆಂದು ಆಸ್ಪತ್ರೆಗೇ ಹೋಗದಂತೆ ಮಾಡುತ್ತದೆ. ಈ ಕಾರಣದಿಂದಲೇ ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2024ರ ಜನವರಿಯಲ್ಲಿ ತನ್ನ ವೈದ್ಯರಿಗೆ, ರೋಗಿಯ ಹಿತಕ್ಕೆ ಅಗತ್ಯವಲ್ಲದಿದ್ದರೆ ಇಂಥ ಮಾಹಿತಿಯನ್ನು ಪೋಲೀಸರಿಗೆ ಕೊಡಬೇಡಿ ಎಂದು ಸೂಚನೆ ಹೊರಡಿಸಿತು.

ವಿಚಾರಣೆಯೇ ಶಿಕ್ಷೆಯಾಗುವುದೂ ಉಂಟು. ಲಂಡನ್ನಿನಲ್ಲಿ ಇನ್ನೊಬ್ಬಾಕೆ 2020ರ ನವೆಂಬರಿನಲ್ಲಿ, ತನಗೆ ಅಷ್ಟು ದಿನವಾಗಿದೆಯೆಂದು ತಿಳಿಯದೆ, ಸುಮಾರು 26 ವಾರದ ಗರ್ಭಕ್ಕೆ ಗುಳಿಗೆ ತೆಗೆದುಕೊಂಡಳು. ಆಸ್ಪತ್ರೆಯಿಂದಲೇ ಬಂಧನವಾಯಿತು. ಜ್ಯೂರಿ ಆಕೆ ನಿರಪರಾಧಿಯೆಂದು ಹೇಳಿದ್ದು 2025ರ ಮೇ ತಿಂಗಳಲ್ಲಿ. ನಾಲ್ಕೂವರೆ ವರ್ಷ ತನ್ನ ದುಃಖದ ವಿವರಗಳನ್ನು ಪರರ ಮುಂದೆ ಬಿಚ್ಚಿಡಬೇಕಾದ ಹೆಂಗಸಿಗೆ ಆ ಬಿಡುಗಡೆ ಏನನ್ನು ಮರಳಿಸೀತು?

ಮರುತಿಂಗಳೇ, 2025ರ ಜೂನ್ 17ರಂದು, ಬ್ರಿಟನ್ನಿನ ಕಾಮನ್ಸ್ ಸಭೆ ಈ ಪ್ರಶ್ನೆಯನ್ನು ಮತಕ್ಕೆ ಹಾಕಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತನ್ನ ಗರ್ಭದ ಬಗ್ಗೆ ತಾನು ಮಾಡಿದ್ದಕ್ಕಾಗಿ ಹೆಂಗಸನ್ನು ದಂಡಿಸಬಾರದೆಂಬ ತಿದ್ದುಪಡಿಗೆ ಪರವಾಗಿ 379, ವಿರೋಧವಾಗಿ 137 ಮತ ಬಿದ್ದವು. ಆ ತಿದ್ದುಪಡಿ 24 ವಾರದ ಮಿತಿಯನ್ನು ತೆಗೆಯಲಿಲ್ಲ. ಮಿತಿ ಮೀರಿ ಗರ್ಭಪಾತ ಮಾಡಿಸುವ ಡಾಕ್ಟರನನ್ನು, ಹೆಂಗಸಿಗೆ ತಿಳಿಯದಂತೆ ಔಷಧಿ ಉಣಿಸುವ ಗಂಡಸನ್ನು ಬಿಟ್ಟುಕೊಡಲಿಲ್ಲ. ಸೆರೆಮನೆಯ ಬಾಗಿಲನ್ನು ತಾಯಿಯೊಬ್ಬಳಿಗೆ ಮಾತ್ರ ಮುಚ್ಚಬೇಕೆಂದಿತು. ಉತ್ತರ ಐರ್ಲೆಂಡಿನಲ್ಲಿ 1861ರ ಆ ಕಲಮು 2019ರಲ್ಲಿಯೇ ಹೋಗಿತ್ತು.

ನಾವು ಕೇಳುವುದೂ ಇಷ್ಟೇ. ವಾರದ ಮಿತಿ ಇರಲಿ. 33 ವಾರದ ಕೂಸಿನ ಮುಖ ನೋಡಿದವರು ಮಿತಿ ಬೇಡವೆನ್ನಲಾರರು. ಆಸ್ಪತ್ರೆ ಆ ಮಿತಿಯನ್ನು ಪಾಲಿಸಲಿ. ಹಣಕ್ಕಾಗಿ ಕತ್ತಲಕೋಣೆಯಲ್ಲಿ ಈ ಕೆಲಸ ಮಾಡುವವನಿಗೆ ಶಿಕ್ಷೆ ಇರಲಿ. ಮೆಕಾಲೆಯ ಕಾಲದಿಂದ ಬಂದ ಆ ಒಂದು ಸಾಲಿನ ವಿವರಣೆಯನ್ನು, ತನ್ನ ಗರ್ಭವನ್ನು ತಾನೇ ಕಳೆದುಕೊಂಡವಳೂ ಅಪರಾಧಿ ಎಂಬುದನ್ನು, ನಮ್ಮ ಪಾರ್ಲಿಮೆಂಟು ನ್ಯಾಯ ಸಂಹಿತೆಯಿಂದ ಅಳಿಸಿಹಾಕಲಿ. ಅಲ್ಲಿಯವರೆಗೆ, ಅಂಥ ಪ್ರಕರಣ ಎದುರಿಗೆ ಬಂದ ನ್ಯಾಯಾಧೀಶರು ತಡವೇಕಾಯಿತೆಂದು ಕೇಳಲಿ, ಮನೆಯಲ್ಲಿ ಯಾರಿದ್ದಾರೆಂದು ಕೇಳಲಿ.

ನ್ಯಾಯಾಧೀಶರವರೆಗೆ ಹೋಗುವ ಮುಂಚೆ ನಮ್ಮ ನಿಮ್ಮ ಕೈಯಲ್ಲಿಯೂ ಸ್ವಲ್ಪ ಕೆಲಸವಿದೆ. ಊರು ಬಿಟ್ಟು ಬಂದ ನಮ್ಮ ಹೆಣ್ಣುಮಕ್ಕಳಿಗೆ ಇಲ್ಲಿ ತವರಿಲ್ಲ, ಹಿತ್ತಲ ಬಾಗಿಲಿನ ನೆರೆಯಾಕೆಯಿಲ್ಲ, ಡಾಕ್ಟರರ ಮುಂದೆ ಮರಾಠಿ, ಹಿಂದಿಯಲ್ಲಿ ಮೈಯ ಮಾತು ಆಡಲು ನಾಲಿಗೆ ಏಳದು. ನಮ್ಮ ಸಂಘದ ಮಹಿಳಾ ವಿಭಾಗ ನಾಡಹಬ್ಬಕ್ಕೆ ರಂಗೋಲಿ ಸ್ಪರ್ಧೆ ನಡೆಸುತ್ತದೆ, ಅದು ನಡೆಯಲಿ. ಜೊತೆಗೆ ತಿಂಗಳಿಗೊಂದು ಭಾನುವಾರ ಕನ್ನಡ ಬಲ್ಲ ಲೇಡಿ ಡಾಕ್ಟರೊಬ್ಬರು ಸಂಘದ ಕೋಣೆಯಲ್ಲಿ ಎರಡು ಗಂಟೆ ಕುಳಿತರೆ, ಕ್ವಾರ್ಟರ್ಸಿನ ಸೊಸೆಯಂದಿರೂ ಬರಬಹುದು, ಅವರ ಮನೆಯ ಮುಸುರೆ ತಿಕ್ಕುವ ಕಲಬುರ್ಗಿಯವಳೂ ಬರಬಹುದು. ಎರಡನೆಯ ತಿಂಗಳಲ್ಲಿ ಹೇಳಿಕೊಳ್ಳಲು ಒಬ್ಬರು ಸಿಕ್ಕರೆ ಏಳನೆಯ ತಿಂಗಳಿನ ಎಷ್ಟೋ ಅನಾಹುತ ತಪ್ಪೀತು. ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ಸಲಹೆಯನ್ನು ನಮ್ಮ ಮನೆಯಾಕೆ ಮಂಡಿಸಲಿದ್ದಾಳೆ. ಅನುಮೋದಿಸುವವರು ದಯವಿಟ್ಟು ಅಂದು ತಪ್ಪದೆ ಬರಬೇಕು.